ಹದಿಹರೆಯದ ಮಕ್ಕಳು ಸುಮ್ನೆ ವಾಕ್ ಹೋಗಲ್ಲ ಅಂದ್ರೆ ತಪ್ಪು ಮಕ್ಕಳದ್ದೋ, ಬೀದಿಯದ್ದೋ?

ಮೂಲೆಮನೆ

ಮಗಳಿಗೆ 16, ಮಗನಿಗೆ 13. ಸೋಮಾರಿಗಳೇನಲ್ಲ, ಆಟ ಗೀಟ ಎಲ್ಲ ಇದೆ. ಆದರೆ "ಸುಮ್ನೆ ಒಂದು ಸುತ್ತು ಹಾಕಿ ಬನ್ನಿ" ಅಂದರೆ ಇಬ್ಬರೂ ಕೂತಲ್ಲಿಂದ ಏಳಲ್ಲ.

ಹಳೇ ಬಡಾವಣೆಯಲ್ಲಿ ಹೀಗಿರಲಿಲ್ಲ. ಸಂಜೆಯಾದರೆ ಸಾಕು, ಮಗಳು ಗೆಳತಿಯ ಜೊತೆ ಹೊರಟೇಬಿಡುತ್ತಿದ್ದಳು. ಎಲ್ಲಿಗೆ ಅಂತ ಕೇಳಿದರೆ "ಎಲ್ಲಿಗೂ ಇಲ್ಲ" ಅನ್ನುತ್ತಿದ್ದಳು. ಕಳೆದ ವರ್ಷ ಮನೆ ಬದಲಿಸಿದೆವು. ಹೊಸ ಜಾಗ ನೋಡೋಕೆ ಚೆಂದ. ಅಗಲ ರಸ್ತೆ, ಎಲ್ಲೂ ಕಸ ಇಲ್ಲ, ಗೇಟು, ಕಾವಲು ಎಲ್ಲ ಇದೆ. ನಡಿಗೆ ಮಾತ್ರ ನಿಂತೇಹೋಯಿತು. ಮಕ್ಕಳು ಅವರೇ, ಫೋನು ಅದೇ, ಬೈಯುವ ಅಪ್ಪ ಅಮ್ಮನೂ ಅವರೇ. ಬದಲಾಗಿದ್ದು ಬೀದಿ ಒಂದೇ.

ಮನೆಯ ಸುತ್ತಲಿನ ಜಾಗ ಇಷ್ಟೊಂದು ವ್ಯತ್ಯಾಸ ಮಾಡುತ್ತಾ? ನಿಮ್ಮ ಮನೆಗಳಲ್ಲಿ ಹೇಗೆ? "ಫೋನ್ ಕಿತ್ಕೊಳ್ಳಿ" ಅನ್ನುವ ಸಲಹೆ ಬೇಡ, ಅದನ್ನು ನಮ್ಮ ಅತ್ತೆ ಆಗಲೇ ಕೊಟ್ಟಿದ್ದಾರೆ.

ನೇರಮಾತು

ಫೋನ್ ಕಿತ್ಕೊಳ್ಳಿ.

ಹಳೇಚಪ್ಪಲಿ

ನಿಮ್ಮ ಅತ್ತೆಯವರೂ ಈ ಗುಂಪಿನಲ್ಲಿ ಇದ್ದಾರೆ ಅಂತ ಕಾಣುತ್ತೆ 😄

ನೇರಮಾತು

ನಗಬೇಡಿ ಸರ್. ಬೀದಿ, ಮರ, ದೀಪ ಅಂತ ಏನೇ ಹೇಳಿ, ಕೈಯಲ್ಲಿ ಅದೊಂದು ಇದ್ದರೆ ಯಾವ ಮಗುವೂ ಹೊರಗೆ ಹೋಗಲ್ಲ. ಇಷ್ಟು ಸರಳ ವಿಷಯಕ್ಕೆ ಚರ್ಚೆ ಯಾಕೆ?

ಕಾಲುಚಕ್ರ

ಅಷ್ಟು ಸರಳ ಅಲ್ಲ. ಇಂಗ್ಲೆಂಡಿನ ಒಂದು ಹಳೇ ಲೆಕ್ಕ ಹೇಳುತ್ತೇನೆ. ಮೇಯರ್ ಹಿಲ್‌ಮನ್ ಅನ್ನುವ ಸಂಶೋಧಕರು ಮತ್ತು ಜೊತೆಗಾರರು 1971ರ ಸಮೀಕ್ಷೆಯನ್ನೇ 1990ರಲ್ಲಿ ಮತ್ತೆ ಮಾಡಿ ನೋಡಿದರು. 1971ರಲ್ಲಿ 7-8 ವರ್ಷದ ಮಕ್ಕಳಲ್ಲಿ ಶೇ 80ರಷ್ಟು ದೊಡ್ಡವರ ಜೊತೆ ಇಲ್ಲದೆ ಶಾಲೆಗೆ ಹೋಗುತ್ತಿದ್ದರು. 1990ಕ್ಕೆ ಅದು ಶೇ 9ಕ್ಕೆ ಇಳಿದಿತ್ತು. ಐಫೋನ್ ಬಂದಿದ್ದು 2007ರಲ್ಲಿ. ಹಾಗಾದರೆ ಆ ಮಕ್ಕಳ ಕಾಲು ಕಟ್ಟಿದ್ದು ಯಾವ ಫೋನು? ಹೆತ್ತವರು ಮುಖ್ಯವಾಗಿ ಹೇಳಿದ್ದು ವಾಹನಗಳ ಭಯ.

ನೇರಮಾತು

ಅದು ಪುಟ್ಟ ಮಕ್ಕಳ ವಿಷಯ, ಶಾಲೆಗೆ ಹೋಗುವ ವಿಷಯ. ಇಲ್ಲಿ ಕೇಳಿದ್ದು 16ರ ಹುಡುಗಿ ಸುಮ್ನೆ ತಿರುಗಾಡುವ ಬಗ್ಗೆ. ಎರಡಕ್ಕೂ ಏನು ಸಂಬಂಧ?

ಕಾಲುಚಕ್ರ

7ನೇ ವಯಸ್ಸಿನಲ್ಲಿ ಒಬ್ಬರೇ ನಡೆಯದ ಮಗುವಿಗೆ 16ಕ್ಕೆ ದಿಢೀರ್ ಅಂತ ಬೀದಿ ಸಲುಗೆ ಆಗಿಬಿಡುತ್ತಾ?

ಗಣಿತದಮೇಷ್ಟ್ರು

ಎರಡು ಮಾತು. ಒಂದು, ನೇರಮಾತು ಅವರು ಹೇಳಿದ ಭೇದ ಸರಿ. ಸಂಶೋಧಕರೂ ಎಲ್ಲಿಗೋ ಹೋಗುವ ನಡಿಗೆಯನ್ನೂ ಸುಮ್ನೆ ನಡೆಯುವುದನ್ನೂ ಬೇರೆ ಬೇರೆ ಅಳೆಯುತ್ತಾರೆ. ಮನೆಗಳು ಒತ್ತಾಗಿದ್ದು, ಅಂಗಡಿ ಶಾಲೆ ಹತ್ತಿರ ಇದ್ದು, ಅಡ್ಡರಸ್ತೆ ಜಾಸ್ತಿ ಇದ್ದರೆ ಮೊದಲನೆಯದು ಹೆಚ್ಚುತ್ತದೆ. ಎರಡನೆಯದರಲ್ಲಿ, ಅದೂ ಹದಿಹರೆಯದವರಲ್ಲಿ, ಫಲಿತಾಂಶಗಳು ಒಂದೇ ಕಡೆ ವಾಲಲ್ಲ. ಒಂದು ಅಧ್ಯಯನದಲ್ಲಿ ಪಾರ್ಕ್ ಹತ್ತಿರ ಇದ್ದರೆ ನಡಿಗೆ ಹೆಚ್ಚು, ಇನ್ನೊಂದರಲ್ಲಿ ಏನೂ ವ್ಯತ್ಯಾಸ ಇಲ್ಲ.

ಇನ್ನೊಂದು, ಮೂಲೆಮನೆ ಮೇಡಂ, "ಮಕ್ಕಳು ಅವರೇ" ಅಂದಿರಿ. ಅವರೇ ಹೇಗಾಗುತ್ತಾರೆ? ಮಗಳಿಗೆ ಒಂದು ವರ್ಷ ಹೆಚ್ಚಾಗಿದೆ. ಓದು ಹೆಚ್ಚಾಗಿದೆ. ಗೆಳತಿ ಹಳೇ ಬಡಾವಣೆಯಲ್ಲೇ ಉಳಿದಳು. ಬೀದಿಯನ್ನು ಕಟಕಟೆಗೆ ಹತ್ತಿಸುವ ಮೊದಲು ಇವನ್ನೆಲ್ಲ ಕಳೆಯಬೇಕು.

ಮೂಲೆಮನೆ

ಗೆಳತಿಯ ಮಾತು ನಿಜ ಮೇಷ್ಟ್ರೇ. ಆದರೆ ಇಲ್ಲೂ ಇಬ್ಬರು ಗೆಳತಿಯರಿದ್ದಾರೆ, ಅದೇ ಸಾಲಿನ ಮನೆಗಳಲ್ಲಿ. ಮೂವರೂ ನಮ್ಮ ಮನೆಯ ಕೋಣೆಯಲ್ಲಿ ಗಂಟೆಗಟ್ಟಲೆ ಕೂತು ಹರಟುತ್ತಾರೆ. ಹೊರಗೆ ಹೋಗಲ್ಲ.

ಬೀದಿದೀಪ

ದೀಪ ಹೇಗಿದೆ ನಿಮ್ಮಲ್ಲಿ?

ಮೂಲೆಮನೆ

ಬೇಕಾದಷ್ಟಿದೆ. ಕಣ್ಣಿಗೆ ಹೊಡೆಯುವಷ್ಟು.

ಬೀದಿದೀಪ

ತೊಂದರೆ ಅಲ್ಲೇ ಇರಬಹುದು. ಬೆಳಕು ಎಷ್ಟಿದೆ ಅನ್ನುವುದಕ್ಕಿಂತ ಒಂದೇ ಸಮ ಇದೆಯಾ ಅನ್ನುವುದು ಮುಖ್ಯ. ಕಂಬದ ಕೆಳಗೆ ಹಗಲಿನ ಹಾಗೆ, ಎರಡು ಕಂಬದ ನಡುವೆ ಕತ್ತಲೆ ಅಂತಾದರೆ ಕಣ್ಣು ಪ್ರಖರ ಬೆಳಕಿಗೆ ಒಗ್ಗಿಕೊಂಡುಬಿಡುತ್ತದೆ. ಆಮೇಲೆ ಆ ಕತ್ತಲೆ ಇದ್ದದ್ದಕ್ಕಿಂತ ಗಾಢವಾಗಿ ಕಾಣುತ್ತದೆ. ಅಲ್ಲಿ ನಿಂತಿರುವವರ ಮುಖ ಕಾಣಲ್ಲ. ನಡೆಯುವವರಿಗೆ ಬೇಕಾದ್ದು ಎದುರಿಗೆ ಬರುತ್ತಿರುವವರ ಮುಖ ದೂರದಿಂದಲೇ ಗುರುತು ಸಿಗುವಷ್ಟು ಬೆಳಕು. ನಮ್ಮ ದೀಪಗಳಲ್ಲಿ ಹೆಚ್ಚಿನವು ಗಾಡಿ ಓಡಿಸುವವರಿಗೆ ಅಂತ ಹಾಕಿದವು. ಕಂಬ ರಸ್ತೆಯ ಕಡೆ ಮುಖ ಮಾಡಿ ನಿಂತಿರುತ್ತದೆ, ಫುಟ್‌ಪಾತ್ ಮರದ ನೆರಳಿಗೆ ಬಿಟ್ಟಿರುತ್ತದೆ.

ಹಳೇಚಪ್ಪಲಿ

ನಾವು ಕಂಬ ಬಿಡಿ, ಚಂದ್ರನ ಬೆಳಕಲ್ಲಿ ತಿರುಗಿದವರು. ಈಗಿನ ಮಕ್ಕಳಿಗೆ ಎಲ್ಲದಕ್ಕೂ ವ್ಯವಸ್ಥೆ ಬೇಕು.

ಇಬ್ಬರಮ್ಮ

ಸರ್, ಚಂದ್ರನ ಬೆಳಕಲ್ಲಿ ತಿರುಗಿದ್ದು ನೀವು. ನಿಮ್ಮ ತಂಗಿಯೂ ತಿರುಗಿದ್ದರಾ?

ಹಳೇಚಪ್ಪಲಿ

ನನಗೆ ತಂಗಿ ಇಲ್ಲ.

ಇಬ್ಬರಮ್ಮ

ಸರಿಹೋಯ್ತು 🙏

ಗಣಿತದಮೇಷ್ಟ್ರು

ತಮಾಷೆ ಇರಲಿ, ಇಬ್ಬರಮ್ಮ ಅವರ ಪ್ರಶ್ನೆಗೆ ಅಂಕಿಅಂಶವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯವರು 2019ರಲ್ಲಿ 146 ದೇಶಗಳ ಲೆಕ್ಕ ಕೊಟ್ಟರು. ಶಾಲೆಗೆ ಹೋಗುವ 11ರಿಂದ 17 ವರ್ಷದವರಲ್ಲಿ ಶೇ 81ರಷ್ಟು ಮಕ್ಕಳಿಗೆ ಬೇಕಾದಷ್ಟು ದೈಹಿಕ ಚಟುವಟಿಕೆ ಇಲ್ಲ. ಇದು 2016ರ ಸ್ಥಿತಿ. ಹುಡುಗರಲ್ಲಿ ಶೇ 78, ಹುಡುಗಿಯರಲ್ಲಿ ಶೇ 85. "ಬೇಕಾದಷ್ಟು" ಅಂದರೆ ದಿನಕ್ಕೆ ಕನಿಷ್ಠ ಒಂದು ಗಂಟೆ.

ಕಾಲುಚಕ್ರ

ಸಣ್ಣ ತಿದ್ದುಪಡಿ ಮೇಷ್ಟ್ರೇ. ದಿನಾ ಕನಿಷ್ಠ ಒಂದು ಗಂಟೆ ಅನ್ನುವುದು 2010ರ ಮಾರ್ಗಸೂಚಿ. 2020ರಲ್ಲಿ ಅದನ್ನು ಬದಲಿಸಿ ವಾರದ ಸರಾಸರಿ ದಿನಕ್ಕೆ 60 ನಿಮಿಷ ಅಂತ ಮಾಡಿದರು. ಒಂದು ದಿನ ತಪ್ಪಿದರೆ ಇನ್ನೊಂದು ದಿನ ಸರಿದೂಗಿಸಬಹುದು.

ಗಣಿತದಮೇಷ್ಟ್ರು

ನಾನು ಹೇಳಿದ ಲೆಕ್ಕ ಹಳೇ ಮಾರ್ಗಸೂಚಿಯ ಪ್ರಕಾರವೇ ಮಾಡಿದ್ದು. ಹಾಗಾಗಿ ನನ್ನ ವಾಕ್ಯ ಹಾಗೇ ಇರಲಿ.

ನೇರಮಾತು

ಇನ್ನೊಂದು ವಿಷಯ. ಆ 60 ನಿಮಿಷಕ್ಕೆ ಉಸಿರು ಸ್ವಲ್ಪ ಏರಬೇಕು. ಕಾಲೆಳೆದುಕೊಂಡು, ನಗುತ್ತಾ, ಪ್ರತಿ ಗೇಟಿನ ಮುಂದೆ ನಿಲ್ಲುತ್ತಾ ಹೋಗುವ ನಡಿಗೆ ಲೆಕ್ಕಕ್ಕೆ ಬರಲ್ಲ. ಆರೋಗ್ಯದ ಹೆಸರಲ್ಲಿ ಸುಮ್ನೆ ಅಲೆದಾಟಕ್ಕೆ ಸರ್ಟಿಫಿಕೇಟ್ ಕೊಡಬೇಡಿ.

ಒಂಬತ್ತನೇಬೆಂಚು

ಅಂಕಲ್, ನಾವು ಆರೋಗ್ಯಕ್ಕೆ ಅಂತ ನಡೆಯಲ್ಲ. ದೊಡ್ಡವರಿಗೆ ಇದೊಂದು ಅರ್ಥವೇ ಆಗಲ್ಲ. ನನಗೆ 17, ಬಹುಶಃ ಇಲ್ಲಿ ಬರೆಯುತ್ತಿರುವವರಲ್ಲಿ ಚರ್ಚೆಯ ವಯಸ್ಸಿನವಳು ನಾನೊಬ್ಬಳೇ.

ನಾವು ನಡೆಯುವುದು ಮಾತಾಡೋಕೆ. ಮನೆಯಲ್ಲಿ ಮಾತಾಡಿದರೆ ಯಾರೋ ಕೇಳಿಸಿಕೊಳ್ಳುತ್ತಾರೆ. ಎಲ್ಲಾದರೂ ಹೋಗಿ ಕೂತರೆ ಏನಾದರೂ ಕೊಳ್ಳಬೇಕು. ನಡೆದರೆ ದುಡ್ಡೂ ಬೇಡ, ಯಾರಿಗೂ ಕೇಳಿಸಲ್ಲ. ಮುಖ ನೋಡದೆ ಹೇಳಬಹುದಾದ ಮಾತುಗಳೂ ಇರುತ್ತವೆ.

ಈಗ ನಮ್ಮ ಬೀದಿ ಕೇಳಿ. ನಾವು ಮೂವರು. ಗೇಟು ದಾಟಿದ ಕೂಡಲೇ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ, ಫುಟ್‌ಪಾತಿನ ಮುಕ್ಕಾಲು ಭಾಗ ಅದೇ ತಿಂದಿದೆ. ಒಬ್ಬರ ಹಿಂದೆ ಒಬ್ಬರು ದಾಟಬೇಕು. ಮಾತು ತುಂಡಾಯಿತು. ಆಮೇಲೆ ಹತ್ತು ಹೆಜ್ಜೆ ಸರಿ ಇದೆ. ಮತ್ತೆ ನಿಲ್ಲಿಸಿದ ಗಾಡಿಗಳು, ರಸ್ತೆಗೆ ಇಳಿಯಬೇಕು. ಕೊನೆಯಲ್ಲಿರುವವಳು ಹಾರ್ನ್ ಕೇಳಿ ಒಳಗೆ ಸರಿಯುತ್ತಾಳೆ, ನಡುವಿನವಳು ಚರಂಡಿ ಕಲ್ಲಿನ ಮೇಲೆ ಕಾಲಿಡುತ್ತಾಳೆ, ಆ ಕಲ್ಲು ಧಡಕ್ ಅನ್ನುತ್ತೆ, ಅಲ್ಲಿಗೆ "ಎಲ್ಲಿದ್ದೆ ನಾನು?" ಇದೇ ಆಗುತ್ತೆ ಪ್ರತಿ ಸಲ. ಕಥೆ ಹೇಳೋಕೆ ಆಗದ ಬೀದಿಯಲ್ಲಿ ಯಾಕೆ ನಡೆಯಬೇಕು?

ಪಾರ್ಕ್ ಇದೆಯಲ್ಲ ಅಂತೀರಾ? ಉಯ್ಯಾಲೆಯ ಪಕ್ಕ "12 ವರ್ಷದೊಳಗಿನವರಿಗೆ ಮಾತ್ರ" ಅಂತ ಬೋರ್ಡು. ಬೆಂಚಿನಲ್ಲಿ ಹಿರಿಯರು. ನಾವು ಎಲ್ಲಿ ನಿಂತರೂ "ಯಾರ ಮನೆಯವರಮ್ಮ? ಇಲ್ಲೇನು ಕೆಲಸ?" ಕೆಲಸ ಇಲ್ಲದೆ ಇರುವುದೇ ತಪ್ಪು ಅನ್ನುವ ಹಾಗೆ.

ಬೀದಿದೀಪ

ಈ ಚರ್ಚೆಯಲ್ಲಿ ಇಲ್ಲಿವರೆಗೆ ಬಂದ ಒಳ್ಳೇ ಉತ್ತರ.

ನಕ್ಷೆಗಾರ

ರಸ್ತೆ ವಿನ್ಯಾಸ ನನ್ನ ಕೆಲಸ. ಒಂಬತ್ತನೇಬೆಂಚು ಹೇಳಿದ್ದನ್ನು ನಮ್ಮ ಕಚೇರಿಗಳಲ್ಲಿ ಗೋಡೆಗೆ ಅಂಟಿಸಬೇಕು. ಇಬ್ಬರು ಅಕ್ಕಪಕ್ಕ ನಡೆಯೋಕೆ ಸುಮಾರು ಒಂದೂವರೆ ಮೀಟರ್ ಬೇಕು, ಯಾವ ಅಡ್ಡಿಯೂ ಇಲ್ಲದ ಒಂದೂವರೆ ಮೀಟರ್. ಮೂವರಿಗೆ ಇನ್ನೂ ಜಾಸ್ತಿ. ನಕ್ಷೆಯಲ್ಲಿ ಎರಡು ಮೀಟರ್ ಅಂತ ತೋರಿಸುತ್ತೇವೆ. ಆಮೇಲೆ ಕಂಬ, ಪೆಟ್ಟಿಗೆ, ಗಿಡದ ಕಟ್ಟೆ, ಮನೆಯವರು ಕಾರು ಹತ್ತಿಸೋಕೆ ಮಾಡಿದ ಇಳಿಜಾರು ಎಲ್ಲ ಅದರೊಳಗೇ ಬಂದು ಕೂರುತ್ತವೆ. ದಿನದ ಕೊನೆಗೆ ಒಬ್ಬರು ನುಸುಳುವಷ್ಟು ಉಳಿಯುತ್ತದೆ. ದೊಡ್ಡವರು ಬೆಳಗಿನ ವಾಕ್ ಒಬ್ಬೊಬ್ಬರೇ ಮಾಡುತ್ತಾರೆ, ಅವರಿಗೆ ನಡೆಯುತ್ತೆ. ಹದಿಹರೆಯದವರು ಗುಂಪಾಗಿಯೇ ನಡೆಯುವುದು.

ಇನ್ನು ಮೂಲೆಮನೆ ಅವರ "ಅಗಲ ರಸ್ತೆ". ರಸ್ತೆ ಅಗಲ, ನೇರ, ಖಾಲಿ ಇದ್ದರೆ ಗಾಡಿ ಓಡಿಸುವವರು ತಮಗೆ ಗೊತ್ತಿಲ್ಲದೇ ವೇಗ ಹೆಚ್ಚಿಸುತ್ತಾರೆ. ಬೋರ್ಡಿನಲ್ಲಿ ಎಷ್ಟೇ ಬರೆದಿರಲಿ, ಕಾಲು ರಸ್ತೆಯ ಮಾತು ಕೇಳುತ್ತದೆ. ಸರಾಸರಿ ವೇಗ ಶೇ 1 ಹೆಚ್ಚಿದರೆ ಸಾವಿನ ಅಪಘಾತದ ಸಂಭವ ಸುಮಾರು ಶೇ 4 ಹೆಚ್ಚುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದಕ್ಕೇ ರಸ್ತೆ ಸುರಕ್ಷತೆ ಬಗ್ಗೆ ಹಲವು ದೇಶಗಳು ಸೇರಿ ಮಾಡಿದ 2020ರ ಸ್ಟಾಕ್‌ಹೋಮ್ ಘೋಷಣೆಯಲ್ಲಿ ಜನರೂ ವಾಹನಗಳೂ ಬೆರೆಯುವ ಕಡೆ ಗಂಟೆಗೆ 30 ಕಿ.ಮೀ. ಮಿತಿ ಇರಬೇಕು ಅಂದಿದ್ದು. 5ರಿಂದ 29 ವರ್ಷದವರ ಸಾವಿಗೆ ಜಗತ್ತಿನಲ್ಲಿ ಮೊದಲ ಕಾರಣವೇ ರಸ್ತೆ ಅಪಘಾತ. ಅಮ್ಮಂದಿರು ಸುಮ್ನೆ ಹೆದರುತ್ತಿಲ್ಲ.

ಕಾಲುಚಕ್ರ

ಇದಕ್ಕೆ ನಗರ ವಿನ್ಯಾಸದ ಸಂಶೋಧಕ ಡೊನಾಲ್ಡ್ ಆಪಲ್‌ಯಾರ್ಡ್ ಅವರ ಅಧ್ಯಯನ ಸೇರಿಸಿ. 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೂರು ಬೀದಿ ಆರಿಸಿಕೊಂಡರು. ಒಂದರಲ್ಲಿ ದಿನಕ್ಕೆ ಸುಮಾರು 2,000 ವಾಹನ, ಒಂದರಲ್ಲಿ 8,000, ಒಂದರಲ್ಲಿ 16,000. ಗಾಡಿ ಕಡಿಮೆ ಇದ್ದ ಬೀದಿಯವರಿಗೆ ಅದೇ ಬೀದಿಯಲ್ಲಿದ್ದ ಗೆಳೆಯರು, ಗಾಡಿ ಹೆಚ್ಚಿದ್ದ ಬೀದಿಯವರಿಗಿಂತ ಸುಮಾರು ಮೂರು ಪಟ್ಟು. ನಡೆಯೋಕೆ ಜೊತೆ ಬೇಕು ಅಂದಮೇಲೆ ಜೊತೆ ಸಿಗುವುದೂ ಬೀದಿಯ ಮೇಲೇ ನಿಂತಿದೆ.

ಗಣಿತದಮೇಷ್ಟ್ರು

ಮೂರೇ ಬೀದಿ, ಒಂದೇ ಊರು. ಗಾಡಿ ಹೆಚ್ಚಿರುವ ಬೀದಿಯಲ್ಲಿ ಬಾಡಿಗೆ ಕಡಿಮೆ, ಜನ ಬೇಗ ಬೇಗ ಮನೆ ಬದಲಿಸುತ್ತಾರೆ, ಗೆಳೆತನ ಬೆಳೆಯಲ್ಲ. ಹೀಗೂ ಇರಬಹುದಲ್ವಾ? ನಡೆಯೋದು ಇಷ್ಟ ಇರುವ ಕುಟುಂಬಗಳೇ ನಡೆಯುವಂಥ ಬಡಾವಣೆಯನ್ನು ಹುಡುಕಿ ಹೋಗುತ್ತವೆ. ಆಮೇಲೆ ನಾವು ಬಡಾವಣೆಯ ಗುಣ ಅಂತ ಹೊಗಳುತ್ತೇವೆ. ಈ ಗೋಜಲು ಬಿಡಿಸೋದು ಕಷ್ಟ.

ಕಾಲುಚಕ್ರ

ದೊಡ್ಡವರು ಆರಿಸಿಕೊಳ್ಳುತ್ತಾರೆ, ನಿಜ. 14 ವರ್ಷದವರು ಮನೆ ಆರಿಸಲ್ಲ. ಹಾಗಾಗಿ ಮಕ್ಕಳ ವಿಷಯದಲ್ಲಿ ಆ ವಾದದ ತೂಕ ಕಡಿಮೆ.

ಗಣಿತದಮೇಷ್ಟ್ರು

ಅಪ್ಪ ಅಮ್ಮ ಆರಿಸುತ್ತಾರೆ. ಅಪ್ಪ ಅಮ್ಮನ ಅಭ್ಯಾಸ ಮಕ್ಕಳಿಗೂ ಬರುತ್ತೆ. ತೂಕ ಇದೆ.

ನೇರಮಾತು

ಇಬ್ಬರೂ ಸೇರಿ ನನ್ನ ತಲೆಯ ತೂಕ ಹೆಚ್ಚಿಸಿದಿರಿ. ಒಂದು ನೆನಪಾಯ್ತು: 2016ರಲ್ಲಿ ಪೋಕೆಮಾನ್ ಗೋ ಅಂತ ಬೀದಿ ಸುತ್ತುತ್ತಾ ಆಡುವ ಫೋನ್ ಆಟ ಬಂದಾಗ ಹುಡುಗರೆಲ್ಲ ಬೀದಿಗೆ ಬಂದರಲ್ಲ? ಬೀದಿ ಅದೇ ಇತ್ತು. ಫೋನೇ ನಡೆಸಿತು! ಈಗ ಏನಂತೀರಿ?

ಕಾಲುಚಕ್ರ

ಮೊದಲು ಫೋನ್ ಕೂರಿಸಿತು ಅಂದಿರಿ, ಈಗ ಫೋನ್ ನಡೆಸಿತು ಅಂತೀರಿ. ಅಮೆರಿಕದಲ್ಲಿ ಆ ಆಟ ಆಡಿದವರ ಹೆಜ್ಜೆ ಎಣಿಸಿದರು. ಮೊದಲ ವಾರ ದಿನಕ್ಕೆ ಸುಮಾರು 950 ಹೆಜ್ಜೆ ಹೆಚ್ಚಾಗಿತ್ತು. ಆರನೇ ವಾರಕ್ಕೆ ಎಲ್ಲರೂ ಮೊದಲಿದ್ದಲ್ಲಿಗೇ ಬಂದರು. ಎಣಿಸಿದ್ದು 18ರಿಂದ 35 ವರ್ಷದವರದ್ದು, ಅದೂ ಗೊತ್ತಿರಲಿ.

ಇಬ್ಬರಮ್ಮ

ಹುಡುಗಿಯರ ವಿಷಯ ಮತ್ತೆ ಜಾರಿಹೋಯ್ತು. ನನ್ನ ದೊಡ್ಡವನಿಗೆ 17, ಚಿಕ್ಕವಳಿಗೆ 15. ಮಗ ಹೊರಟರೆ "ಬೇಗ ಬಾ" ಅನ್ನುತ್ತೇನೆ. ಮಗಳು ಹೊರಟರೆ ಎಲ್ಲಿಗೆ, ಯಾರ ಜೊತೆ, ಯಾವ ದಾರಿ, ಫೋನ್ ಚಾರ್ಜ್ ಇದೆಯಾ. ಇದು ಸರಿಯಲ್ಲ ಅಂತ ಅವಳೂ ಹೇಳುತ್ತಾಳೆ, ನನಗೂ ಗೊತ್ತು. ಆದರೆ ನಮ್ಮ ಹಿಂದಿನ ರಸ್ತೆಯಲ್ಲಿ ಎರಡೂ ಕಡೆ ಉದ್ದಕ್ಕೆ ಎತ್ತರದ ಕಾಂಪೌಂಡು. ಒಂದು ಕಿಟಕಿ ಇಲ್ಲ, ಒಂದು ಬಾಗಿಲಿಲ್ಲ. ಕೂಗಿದರೆ ಕೇಳುವವರಿಲ್ಲ. ಮುಂದಿನ ರಸ್ತೆಯಲ್ಲಿ ಜಗಲಿಯ ಮೇಲೆ ಯಾರಾದರೂ ಕೂತಿರುತ್ತಾರೆ, ಅಂಗಡಿ ತೆರೆದಿರುತ್ತದೆ. ಅಲ್ಲಿ ರಾತ್ರಿ ಹೋದರೂ ನನಗೆ ಚಿಂತೆ ಇಲ್ಲ. ಎರಡೂ ಒಂದೇ ಏರಿಯಾ, ಒಂದೇ ಜನ. ಗೋಡೆಯೇ ವ್ಯತ್ಯಾಸ.

ನಕ್ಷೆಗಾರ

ನಗರಗಳ ಬಗ್ಗೆ ಬರೆದ ಅಮೆರಿಕದ ಲೇಖಕಿ ಜೇನ್ ಜೇಕಬ್ಸ್ 1961ರಲ್ಲೇ ಇದನ್ನು ಹೇಳಿದ್ದರು, ಬೀದಿಯ ಮೇಲೆ ಜನರ ಕಣ್ಣಿರಬೇಕು ಅಂತ. ಕಾವಲಿನವರ ಕಣ್ಣಲ್ಲ, ತಮ್ಮ ಪಾಡಿಗೆ ತಮ್ಮ ಕೆಲಸ ಮಾಡುತ್ತಿರುವವರ ಕಣ್ಣು.

ಪಾರ್ಕಿನ ವಿಷಯಕ್ಕೆ ವಿಯೆನ್ನಾ ನೋಡಿ. 1990ರ ದಶಕದಲ್ಲಿ ಅಲ್ಲಿ ಪಾರ್ಕುಗಳನ್ನು ಗಮನಿಸಿದಾಗ 9-10 ವಯಸ್ಸಿನ ನಂತರ ಹುಡುಗಿಯರು ಬರೋದು ತೀರಾ ಕಡಿಮೆಯಾಗುತ್ತಿದ್ದದ್ದು ಕಂಡಿತು. ಹುಡುಗರು ಬರುತ್ತಲೇ ಇದ್ದರು. ಇರುವ ಒಂದೇ ದೊಡ್ಡ ಬಯಲನ್ನು ಚೆಂಡಾಟದವರು ಹಿಡಿದುಕೊಂಡರೆ ಉಳಿದವರು ಜಗಳ ಮಾಡಲ್ಲ, ಸುಮ್ನೆ ಬರೋದು ಬಿಡುತ್ತಾರೆ. ಅಲ್ಲಿನವರು ಎರಡು ಪಾರ್ಕುಗಳಲ್ಲಿ ಬಯಲನ್ನು ಸಣ್ಣ ಸಣ್ಣ ಜಾಗಗಳಾಗಿ ಒಡೆದರು, ಒಳಗಿನ ದಾರಿಗಳನ್ನು ಸುಧಾರಿಸಿದರು. ಹುಡುಗಿಯರು ವಾಪಸ್ ಬಂದರು.

ಬೀದಿದೀಪ

ಹದಿಹರೆಯದವರನ್ನು ಅಟ್ಟೋಕೂ ಯಂತ್ರ ಮಾಡಿದ್ದಾರೆ ಗೊತ್ತಾ? 2005ರಲ್ಲಿ ಬ್ರಿಟನ್ನಿನಲ್ಲಿ "ಮಸ್ಕಿಟೊ" ಅಂತ ಒಂದು ಪೆಟ್ಟಿಗೆ ಬಂತು. ಸುಮಾರು 17 ಕಿಲೋಹರ್ಟ್ಸ್‌ನ ಕೀರಲು ಸದ್ದು. ವಯಸ್ಸಾದಂತೆ ಕಿವಿ ಆ ಮಟ್ಟದ ಸದ್ದು ಹಿಡಿಯುವುದನ್ನು ಬಿಡುತ್ತದೆ, ಹಾಗಾಗಿ ದೊಡ್ಡವರಿಗೆ ಏನೂ ಕೇಳಿಸಲ್ಲ, ಹುಡುಗರಿಗೆ ತಲೆ ಚಿಟ್ಟು ಹಿಡಿಯುತ್ತದೆ. ಅಂಗಡಿ ಮುಂದೆ ಹುಡುಗರು ನಿಲ್ಲದಿರಲಿ ಅಂತ.

ಒಂಬತ್ತನೇಬೆಂಚು

ಅಯ್ಯೋ, ನಿಜವಾಗಲೂ??

ಹಳೇಚಪ್ಪಲಿ

ನಮ್ಮ ಏರಿಯಾದ ನಾಯಿಗಳಿಗೆ ಇಂಥದ್ದು ಸಿಗುತ್ತಾ?

ನೇರಮಾತು

ನಾಯಿ ಅಂದಿರಲ್ಲ, ಸುತ್ತಲಿನ ಜಾಗದ ಪಟ್ಟಿಯಲ್ಲಿ ಅದನ್ನು ಯಾರೂ ಹೇಳಲೇ ಇಲ್ಲ. ನನ್ನ ಮಗ ನಡಿಗೆ ಬಿಟ್ಟಿದ್ದು ನಾಯಿ ಅಟ್ಟಿಸಿಕೊಂಡು ಬಂದ ಮೇಲೆ.

ಇಬ್ಬರಮ್ಮ

ನನ್ನ ಮಗ ನಡಿಗೆ ಶುರು ಮಾಡಿದ್ದು ನಾಯಿ ಸಾಕಿದ ಮೇಲೆ 😊 ಅದು ಎಳೆದ ಕಡೆ ಹೋಗುತ್ತಾನೆ.

ನೇರಮಾತು

ಸಾಕಿದವರು ಬೀದಿ ಗಲೀಜು ಮಾಡಿಸುವುದರ ಬಗ್ಗೆ ನಾನು ಬರೆಯಲು ಕೂತರೆ...

ನಿರ್ವಾಹಕ

ನಾಯಿಗಳ ಚರ್ಚೆಗೆ ಬೇರೆ ಎಳೆ ಇದೆ. ಅಲ್ಲಿ ಜಗಳ ಆಡಿ.

ಗಣಿತದಮೇಷ್ಟ್ರು

ಇಬ್ಬರಮ್ಮ ಅವರ ಮಾತಿಗೆ ಹೊಂದುವ ಒಂದು ಸಂಗತಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ 111 ದೇಶಗಳ 7 ಲಕ್ಷಕ್ಕೂ ಹೆಚ್ಚು ಜನರ ಫೋನಿನ ಹೆಜ್ಜೆ ಎಣಿಕೆ ನೋಡಿದರು. ಅಮೆರಿಕದ 69 ನಗರಗಳನ್ನು ಹೋಲಿಸಿದಾಗ, ನಡೆಯಲು ಅನುಕೂಲ ಇರುವ ಊರುಗಳಲ್ಲಿ ಚುರುಕಾಗಿ ನಡೆಯುವವರಿಗೂ ನಡೆಯದವರಿಗೂ ಅಂತರ ಕಡಿಮೆ. ಹೆಂಗಸರಿಗೆ ಅನುಕೂಲ ಹೆಚ್ಚು. ಫೋನ್ ಇರುವವರ ಲೆಕ್ಕ ಮಾತ್ರ ಅದು, ಹದಿಹರೆಯದವರಿಗಷ್ಟೇ ಸೀಮಿತವೂ ಅಲ್ಲ. ಆದರೂ ನನಗೆ ಇದು ಸುಲಭವಾಗಿ ತಳ್ಳಿಹಾಕುವ ಮಾತಲ್ಲ ಅನ್ನಿಸುತ್ತೆ.

ಒಂಬತ್ತನೇಬೆಂಚು

ಮೂಲೆಮನೆ ಆಂಟಿ, ಇಷ್ಟೆಲ್ಲ ಬರೆದಿದ್ದೀವಿ. ನಿಮ್ಮ ಮಗಳನ್ನೇ ಕೇಳಿದ್ರಾ?

ಮೂಲೆಮನೆ

ಈಗ ಕೇಳಿದೆ. ಮೊದಲು "ಯಾಕೆ, ಯಾರಿಗೆ ಹೇಳೋಕೆ?" ಅಂದಳು. ಆಮೇಲೆ ಹೇಳಿದಳು. ಇಲ್ಲಿ ಒಂದೇ ಗೇಟು. ಒಳಗೆ ನಾಲ್ಕು ರಸ್ತೆ, ನಾಲ್ಕೂ ಕೊನೆಯಲ್ಲಿ ಗೋಡೆಗೆ ಹೋಗಿ ನಿಲ್ಲುತ್ತವೆ. ಎಲ್ಲಿ ಹೋದರೂ ಹೋದ ದಾರಿಯಲ್ಲೇ ವಾಪಸ್ ಬರಬೇಕು. "ಅದೇ ಆಂಟಿ ಅದೇ ಬಾಲ್ಕನಿಯಿಂದ ಎರಡು ಸಲ ನೋಡ್ತಾರಮ್ಮ." ಗೇಟಿನಾಚೆ ಹೋಗೋಣ ಅಂದರೆ ಕಾವಲಿನವರ ಹತ್ತಿರ ರಿಜಿಸ್ಟರಿನಲ್ಲಿ ಬರೆಯಬೇಕು, ಎಲ್ಲಿಗೆ ಅನ್ನುವ ಕಾಲಂ ಇದೆಯಂತೆ. ಅದರಲ್ಲಿ "ಎಲ್ಲಿಗೂ ಇಲ್ಲ" ಅಂತ ಬರೆಯೋಕಾಗಲ್ಲ.

ಮಗ ಮಾತ್ರ "ನಂಗೆ ಬೋರು" ಅಂದ. ಅಷ್ಟೇ.

ನಕ್ಷೆಗಾರ

ನೋಡಿ, ಇದು ಪುಸ್ತಕದಲ್ಲಿರುವ ಉದಾಹರಣೆ. ತುದಿ ಮುಚ್ಚಿದ ರಸ್ತೆ ಪುಟ್ಟ ಮಕ್ಕಳಿಗೆ ಬಹಳ ಒಳ್ಳೇದು. ಗಾಡಿ ಬರಲ್ಲ, ಮನೆ ಮುಂದೆಯೇ ಆಡಬಹುದು. ಮಗು 8 ವರ್ಷದಲ್ಲಿದ್ದಾಗ ಹೊಗಳಿದ ಅದೇ ರಸ್ತೆ 15ಕ್ಕೆ ಉಸಿರು ಕಟ್ಟಿಸುತ್ತದೆ, ಯಾಕೆಂದರೆ ಆ ವಯಸ್ಸಿಗೆ ಸುತ್ತಿ ಬರುವ ದಾರಿ ಬೇಕು. ಹಳೇ ಬಡಾವಣೆಯಲ್ಲಿ ಅಡ್ಡರಸ್ತೆ ಇದ್ದಿರಬೇಕು, ಪ್ರತಿ ಮೂಲೆಯಲ್ಲೂ ಈ ಕಡೆಯಾ ಆ ಕಡೆಯಾ ಅಂತ ಕೇಳಿಕೊಳ್ಳಬಹುದಿತ್ತು.

ನಿಮ್ಮಲ್ಲಿ ಹಿಂದಿನ ಗೋಡೆಯಲ್ಲಿ ಸಣ್ಣ ಗೇಟ್ ಏನಾದರೂ ಇದೆಯಾ? ಎಷ್ಟೋ ಕಡೆ ಕಟ್ಟುವಾಗ ಇಟ್ಟು ಆಮೇಲೆ ಬೀಗ ಹಾಕಿರುತ್ತಾರೆ. ಗಾಡಿ ಬೇಡ, ಜನ ಮಾತ್ರ ಹೋಗುವ ಅಂಥ ಒಂದು ಗೇಟು ತೆರೆದರೆ ಸುತ್ತು ಸಿಗುತ್ತೆ.

ಮೂಲೆಮನೆ

ಇದೆ! ಮೂರನೇ ರಸ್ತೆಯ ಕೊನೆಯಲ್ಲಿ. ತುಕ್ಕು ಹಿಡಿದ ಬೀಗ.

ನೇರಮಾತು

ತೆರೆದರೆ ಕಳ್ಳರು ಬರುತ್ತಾರೆ.

ಬೀದಿದೀಪ

ಸಂಜೆ 5ರಿಂದ 8 ಮಾತ್ರ ತೆರೆಯಲಿ. ಅಲ್ಲಿ ಒಂದು ದೀಪ ಹಾಕಿಸಿ, ಕಣ್ಣಿಗೆ ಹೊಡೆಯದಂಥದ್ದು. ಜನ ಓಡಾಡುವ ಗೇಟಿಗಿಂತ ಯಾರೂ ಹೋಗದ ಮೂಲೆಯೇ ಕಳ್ಳರಿಗೆ ಇಷ್ಟ.

ಇಬ್ಬರಮ್ಮ

ರಿಜಿಸ್ಟರಿನ ಆ ಕಾಲಂ ಕೂಡ ತೆಗೆಸಿ. ಒಳಗಿನ ಮಕ್ಕಳ ಹತ್ತಿರ ಎಲ್ಲಿಗೆ ಅಂತ ಬರೆಸೋದು ಯಾವ ನ್ಯಾಯ? ಹೊರಗಿನಿಂದ ಬರುವವರನ್ನು ಕೇಳಲಿ.

ಹಳೇಚಪ್ಪಲಿ

ಬೆಂಚಿನ ವಿಷಯಕ್ಕೆ ಬರುತ್ತೇನೆ. ನಾವು ನಾಲ್ಕೈದು ಜನ ಸಂಜೆ ಕೂರುವುದು ನಿಜ. ಮಕ್ಕಳು ಬಂದು ಕೇಳಿದರೆ ಎದ್ದೇಳುತ್ತಿದ್ದೆವು. ಯಾರೂ ಕೇಳಲಿಲ್ಲ.

ಒಂಬತ್ತನೇಬೆಂಚು

ತಾತ, ನಿಮ್ಮನ್ನು ಎಬ್ಬಿಸಿ ಕೂರುವಷ್ಟು ಧೈರ್ಯ ಯಾರಿಗಿದೆ? ಇನ್ನೊಂದು ಬೆಂಚ್ ಹಾಕಿಸಿಕೊಡಿ. ನಿಮ್ಮ ಬೆಂಚಿಗೆ ನಮ್ಮ ಮಾತು ಕೇಳಿಸದಷ್ಟು ದೂರದಲ್ಲಿ.

ಹಳೇಚಪ್ಪಲಿ

ನನಗೆ ಕಿವಿ ಹೇಗೂ ಮಂದ. ಆದರೂ ಅರ್ಜಿ ಬರೆದು ಕೊಡುತ್ತೇನೆ.

ಮೂಲೆಮನೆ

ನಮ್ಮ ಸಂಘದ ಸಭೆ ಭಾನುವಾರ ಇದೆ. ಗೇಟಿನ ವಿಷಯ ಎತ್ತುತ್ತೇನೆ. ಮಗಳು ಬಂದು ಮಾತಾಡುತ್ತಾಳಾ ಅಂತ ಕೇಳಬೇಕು.

ನೇರಮಾತು

ಸಭೆಯಲ್ಲಿ ನನ್ನಂಥವರು ಇಬ್ಬರಾದರೂ ಇರುತ್ತಾರೆ, ಉತ್ತರ ರೆಡಿ ಇಟ್ಕೊಳ್ಳಿ. ರಾತ್ರಿ ಬೀಗ ಹಾಕುವವರು ಯಾರು ಅಂತ ಮೊದಲು ಕೇಳುತ್ತಾರೆ.

ಒಂಬತ್ತನೇಬೆಂಚು

ಅದಕ್ಕೂ ಮೊದಲು ಆ ಬೀಗದ ಕೀಲಿ ಯಾರ ಹತ್ತಿರ ಇದೆ ಅಂತ ಕೇಳಿಟ್ಟುಕೊಳ್ಳಿ ಆಂಟಿ. ನಮ್ಮ ಏರಿಯಾದಲ್ಲಿ ಅದು ಗೊತ್ತಾಗೋಕೇ ತಿಂಗಳುಗಟ್ಟಲೆ ಹಿಡಿಯಿತು.